ನೂರು ಹುಡುಗರ ಪಟ್ಟಿ

ಜನವರಿ ಬಂತೆಂದರೆ ನಮ್ಮ ಅಳಿಯಂದಿರ ಊಟದ ಮೇಜಿನ ಮೇಲೆ ಒಂದು ಪಟ್ಟಿ ಬಂದು ಕೂರುತ್ತದೆ. ಆ ದಿನ ಸಾರು ತಣ್ಣಗಾಗುತ್ತದೆ. ಅಪ್ಪನೂ ಮಗನೂ ತಟ್ಟೆಯನ್ನು ಬದಿಗೆ ಸರಿಸಿ, ಹದಿನೇಳನೆಯವನು ಯಾಕೆ ಹದಿನೇಳನೆಯವನಾದ, ಮೂವತ್ತೊಂದನೆಯವನು ಇಪ್ಪತ್ತರೊಳಗೆ ಇರಬೇಕಿತ್ತಲ್ಲ ಎಂದು ವಾದಕ್ಕಿಳಿಯುತ್ತಾರೆ. ಆ ಹುಡುಗರಲ್ಲಿ ಹೆಚ್ಚಿನವರು ಆಡಿದ್ದನ್ನು ಇವರಿಬ್ಬರೂ ಕಣ್ಣಾರೆ ಕಂಡಿಲ್ಲ. ಮಗಳು ಎರಡು ಸಲ ಕರೆಯುತ್ತಾಳೆ, ಮೂರನೆಯ ಸಲ ಸಾರಿನ ಪಾತ್ರೆಯನ್ನೇ ಒಳಗೆ ಒಯ್ಯುತ್ತಾಳೆ.

ನಾನು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಈಗ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಊರಿನ ಹೆಸರನ್ನು ಕನ್ನಡದಲ್ಲಿ ಬರೆದರೆ 'ಕೇರಿ' ಎಂದೇ ಆಗುತ್ತದೆ, ಅಷ್ಟರ ಮಟ್ಟಿಗೆ ನನಗೆ ಅದು ಹಿತ. ಬೇಸ್‌ಬಾಲ್ ನನ್ನ ಆಟವಲ್ಲ. ಆದರೆ ಅಂಕಿಗಳ ಬಗ್ಗೆ, ಹುಡುಗರ ಬಗ್ಗೆ, ಹುಡುಗರಿಗೆ ಅಂಕಿ ಅಂಟಿಸುವುದರ ಬಗ್ಗೆ ನನಗೆ ಸ್ವಲ್ಪ ಗೊತ್ತು. ಆ ಹಕ್ಕಿನಿಂದ ಇದನ್ನು ಬರೆಯುತ್ತಿದ್ದೇನೆ.

'ಬೇಸ್‌ಬಾಲ್ ಅಮೆರಿಕಾ' ಎಂಬ ಪತ್ರಿಕೆ 1990ರಿಂದ ವರ್ಷವರ್ಷವೂ ಮೈನರ್ ಲೀಗಿನ ನೂರು ಹುಡುಗರ ಪಟ್ಟಿಯನ್ನು ಹೊರಡಿಸುತ್ತ ಬಂದಿದೆ. ಮುಂದೆ ದೊಡ್ಡ ಆಟಗಾರರಾಗಬಹುದಾದವರು, ಇಲ್ಲಿಯವರ ಮಾತಿನಲ್ಲಿ 'ಪ್ರಾಸ್ಪೆಕ್ಟ್'ಗಳು, ಒಂದರಿಂದ ನೂರರವರೆಗೆ ಸಾಲಾಗಿ ನಿಲ್ಲುತ್ತಾರೆ. ಆಮೇಲೆ ಇತರರೂ ಇಂಥ ಪಟ್ಟಿಗಳನ್ನು ಮಾಡತೊಡಗಿದರು. ಮೈನರ್ ಲೀಗ್ ಎಂದರೆ ನಮ್ಮ ರಣಜಿ ಪಂದ್ಯಗಳ ಹಾಗೆ ಎಂದು ನಾನು ಮೊದಲು ತಿಳಿದಿದ್ದೆ. ಹಾಗಲ್ಲ. ರಣಜಿ ತಂಡ ರಾಜ್ಯದ್ದು, ಗೆದ್ದರೆ ಕರ್ನಾಟಕ ಗೆದ್ದಿತು ಎನ್ನುತ್ತೇವೆ. ಇಲ್ಲಿ ಮೇಲೆ ಮೂವತ್ತು ತಂಡಗಳು, ಒಂದೊಂದರ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ತಂಡಗಳು. ಕೆಳಗಿನ ತಂಡ ಯಾವ ಊರಿನ ಹೆಸರಿನಲ್ಲೇ ಆಡಲಿ, ಹುಡುಗರು ಮಾತ್ರ ಮೇಲಿನವರ ಆಳುಗಳು. ಮೇಲೆ ಕರೆದರೆ ರಾತ್ರೋರಾತ್ರಿ ಹೊರಡಬೇಕು, ಬೇಡವೆಂದರೆ ಗಂಟು ಕಟ್ಟಬೇಕು.

ಹತ್ತಿರದ ಡರ್ಹಮ್‌ನಲ್ಲಿ ಇಂಥ ಒಂದು ತಂಡವಿದೆ, ಡರ್ಹಮ್ ಬುಲ್ಸ್. ಬೇಸಿಗೆಯ ಸಂಜೆಗಳಲ್ಲಿ ನಾವು ಹೋಗುತ್ತೇವೆ. ಮೈದಾನದ ಎಡಗಡೆಯ ಗೋಡೆಯ ಮೇಲೆ ಒಂದು ದೊಡ್ಡ ಗೂಳಿಯ ಚಿತ್ರ. ಹೋಮ್ ರನ್ ಹೊಡೆದಾಗ ಅದರ ಕಣ್ಣು ಕೆಂಪಾಗಿ ಮೂಗಿನಿಂದ ಹೊಗೆ ಬರುತ್ತದೆ. ಚೆಂಡು ಗೂಳಿಗೆ ತಾಗಿದರೆ ಆಟಗಾರನಿಗೆ ಸ್ಟೀಕ್, ಅದರ ಕಾಲಡಿಯ ಹುಲ್ಲಿಗೆ ತಾಗಿದರೆ ಸಲಾಡ್ ಎಂದು ಅಲ್ಲೇ ಬರೆದಿದೆ. ನನ್ನಂಥ ಸಸ್ಯಾಹಾರಿಯನ್ನೂ ಮರೆಯದ ಆ ಗೂಳಿಯ ಮೇಲೆ ನನಗೆ ಪ್ರೀತಿ.

ಅಲ್ಲಿ ಕುಳಿತು ಗಮನಿಸಿದರೆ ಮೈದಾನದಲ್ಲಿ ಎರಡು ಜಾತಿಯ ಹುಡುಗರಿರುವುದು ತಿಳಿಯುತ್ತದೆ. ಪಟ್ಟಿಯಲ್ಲಿರುವವರು ಒಬ್ಬಿಬ್ಬರು. ಅವರು ಬ್ಯಾಟು ಹಿಡಿದು ಬಂದಾಗ ಜನ ಫೋನು ಎತ್ತುತ್ತಾರೆ. ಮಿಕ್ಕವರು ಬಂದಾಗ ಕಡಲೆಕಾಯಿ ಕೊಳ್ಳಲು ಏಳುತ್ತಾರೆ. ಈ ಮಿಕ್ಕವರಿಗೂ ಇಲ್ಲಿ ಒಂದು ಹೆಸರಿದೆ: 'ಆರ್ಗ್ ಗೈ', ಸಂಸ್ಥೆಯ ಆಳು. ಪಟ್ಟಿಯ ಹುಡುಗ ಚೆಂಡೆಸೆಯಬೇಕಾದರೆ ಎದುರಿಗೆ ಹಿಡಿಯುವವನೊಬ್ಬ ಬೇಕಲ್ಲ, ಅದಕ್ಕಾಗಿ ಇಟ್ಟುಕೊಂಡವನು. ಮದುವೆಯ ದಿಬ್ಬಣದಲ್ಲಿ ಗ್ಯಾಸ್‌ಲೈಟ್ ಹೊರುವವನ ಹಾಗೆ.

ನನ್ನ ತಕರಾರು ಏನೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಹುಡುಗರನ್ನು ನೋಡಬಾರದು, ಅಳೆಯಬಾರದು ಎಂದು ನಾನು ಹೇಳುತ್ತಿಲ್ಲ. ಸ್ಕೌಟ್‌ಗಳೆಂಬವರು ಊರೂರು ತಿರುಗಿ, ಬೇಲಿಯ ಹಿಂದೆ ಕುಳಿತು, ಈ ಹುಡುಗನ ಮಣಿಕಟ್ಟು ಎಷ್ಟು ಚುರುಕು, ಆ ಹುಡುಗ ಸೋತಾಗ ಹೇಗೆ ನಡೆದುಕೊಳ್ಳುತ್ತಾನೆ ಎಂದು ಬರೆದುಕೊಳ್ಳುತ್ತಾರೆ. ಅದು ಗೌರವದ ಕೆಲಸ. ಹೊಡೆತ, ಬಲ, ಓಟ, ತೋಳು, ಕ್ಷೇತ್ರರಕ್ಷಣೆ ಎಂಬ ಐದು ಗುಣಗಳಿಗೆ 20ರಿಂದ 80ರವರೆಗೆ ಅಂಕ ಕೊಡುವ ಅವರ ಪದ್ಧತಿಯನ್ನೂ ಒಪ್ಪೋಣ. ನನಗಾಗದಿರುವುದು ಅದರ ಮುಂದಿನ ಹೆಜ್ಜೆ. ವೆನಿಜುವೆಲಾದ ಹತ್ತೊಂಬತ್ತು ವರ್ಷದ ಹುಡುಗನನ್ನೂ ಟೆಕ್ಸಾಸಿನ ಇಪ್ಪತ್ತಮೂರು ವರ್ಷದವನನ್ನೂ, ಚೆಂಡೆಸೆಯುವವನನ್ನೂ ಹೊಡೆಯುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇವನು 42, ಇವನು 43 ಎನ್ನುವುದಿದೆಯಲ್ಲ, ಅದಕ್ಕೆ ಗಣಿತದಲ್ಲಿ ಯಾವ ಆಧಾರವೂ ಇಲ್ಲ. ಅಕ್ಕಿ ಮೂಟೆಯನ್ನೂ ಅಡಿಕೆ ತೋಟವನ್ನೂ ಒಂದೇ ತಕ್ಕಡಿಗೆ ಹಾಕಿ ಯಾವುದು ಮೇಲು ಎಂದು ಕೇಳಿದಂತೆ.

ಈ ರಾಜ್ಯದ್ದೇ ಎರಡು ಕಥೆಗಳಿವೆ. ಕಡಲ ತೀರದ ಬೋಫರ್ಟಿನ ಬ್ರಯನ್ ಟೇಲರ್‌ನ ತಾಯಿ ಏಡಿಯ ಮಾಂಸ ಬಿಡಿಸುವ ಕೆಲಸದವರು. 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಇಡೀ ದೇಶದಲ್ಲಿ ಮೊದಲ ಆಯ್ಕೆಯಾಗಿ ಅವನನ್ನು ತೆಗೆದುಕೊಂಡು 15.5 ಲಕ್ಷ ಡಾಲರ್ ಕೊಟ್ಟಿತು. 1992ರ ಪಟ್ಟಿಯಲ್ಲಿ ಅವನೇ ಒಂದನೆಯವನು. 1993ರ ಡಿಸೆಂಬರಿನಲ್ಲಿ ಸಹೋದರನ ಪರವಾಗಿ ಜಗಳಕ್ಕೆ ಹೋಗಿ ಎಸೆಯುವ ಭುಜಕ್ಕೇ ಪೆಟ್ಟು ಮಾಡಿಕೊಂಡ. ಮೇಲಿನ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಇನ್ನೊಬ್ಬ ರಾಲಿ ನಗರದ ಜಾಶ್ ಹ್ಯಾಮಿಲ್ಟನ್. 1999ರ ಮೊದಲ ಆಯ್ಕೆ, 2001ರ ಪಟ್ಟಿಯಲ್ಲಿ ಮೊದಲನೆಯವನು. ಅದೇ ವರ್ಷ ಕಾರು ಅಪಘಾತ, ಗಾಯ, ಆಮೇಲೆ ಮಾದಕ ವಸ್ತುಗಳ ಚಟ, ವರ್ಷಗಟ್ಟಲೆ ಆಟದಿಂದ ಹೊರಗೆ. ಅವನು ಎದ್ದುಬಂದು 2010ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನಾದ ಎಂಬುದು ನಿಜ. ಪಟ್ಟಿಯವರು 'ನೋಡಿದಿರಾ, ನಾವು ಹೇಳಿರಲಿಲ್ಲವೆ?' ಎನ್ನುತ್ತಾರೆ. ಹುಡುಗ ಬಿದ್ದಾಗ ಹಣೆಬರಹ, ಎದ್ದಾಗ ಇವರ ಭವಿಷ್ಯವಾಣಿ! ನಮ್ಮೂರ ಜೋಯಿಸರೂ ಇಷ್ಟು ಜಾಣರಾಗಿರಲಿಲ್ಲ.

ಅಂಕಿಯಿಂದಲೇ ಭುಜಕ್ಕೆ ಪೆಟ್ಟಾಯಿತೆಂದು ನಾನು ಹೇಳುವುದಿಲ್ಲ, ಅದು ಅನ್ಯಾಯದ ಮಾತು. ಆದರೆ ಹತ್ತೊಂಬತ್ತು ಇಪ್ಪತ್ತರ ಹುಡುಗನನ್ನು ದೇಶಕ್ಕೆಲ್ಲ ಮೊದಲನೆಯವನೆಂದು ಸಾರಿದ ಮೇಲೆ ಅವನಿಗೆ ಹೋಗಲು ಉಳಿಯುವ ದಿಕ್ಕು ಒಂದೇ, ಕೆಳಗೆ.

ಅಳಿಯ ಸುಮ್ಮನಿರುವವರಲ್ಲ. 'ಮಾವ, ನೀವು ಬಿದ್ದವರನ್ನೇ ಎಣಿಸುತ್ತೀರಿ. 1993ರಲ್ಲಿ ಚಿಪ್ಪರ್ ಜೋನ್ಸ್ ಮೊದಲನೆಯವನು, 2004ರಲ್ಲಿ ಜೋ ಮೌಯರ್. ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಅಂದಾಜು ಎಂದಮೇಲೆ ತಪ್ಪುತ್ತದೆ. ನಿಜವಾದ ಪ್ರತಿಭೆ ಮೊದಲು ಯಾರ ಕಣ್ಣಿಗೂ ಬೀಳದಿದ್ದರೂ ಮೇಲೆ ಬಂದೇ ಬರುತ್ತದೆ, ಮೈಕ್ ಪಿಯಾಜಾ ಬರಲಿಲ್ಲವೆ?'

ಪಿಯಾಜಾನ ಹೆಸರನ್ನು ಅವರು ಎತ್ತಬಾರದಿತ್ತು. ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1988ರ ಡ್ರಾಫ್ಟಿನಲ್ಲಿ ಪಿಯಾಜಾನ ಸರದಿ ಬಂದದ್ದು 62ನೆಯ ಸುತ್ತಿನಲ್ಲಿ, 1,390ನೆಯವನಾಗಿ. ಅದಾದರೂ ಹೇಗೆ ಬಂತು? ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ತಂದೆಯ ಸ್ನೇಹಿತ. ಶಿಫಾರಸು! ಆ ಶಿಫಾರಸಿನ ಹುಡುಗ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಇದರಿಂದ ಪ್ರತಿಭೆ ತಾನಾಗಿ ಮೇಲೆ ಬರುತ್ತದೆಂದು ಸಿದ್ಧವಾಯಿತೋ, ಅಪ್ಪನಿಗೆ ದೊಡ್ಡ ಸ್ನೇಹಿತರಿಲ್ಲದ ಪಿಯಾಜಾಗಳು ಎಷ್ಟು ಜನ ಮನೆಗೆ ಹೋದರೋ ಎಂಬ ಪ್ರಶ್ನೆ ಹುಟ್ಟಿತೋ? ಹೊಸೆ ಅಲ್ಟೂವೆಯನ್ನು ವೆನಿಜುವೆಲಾದ ಮರಕಾಯ್‌ನಲ್ಲಿ ಆಯ್ಕೆಗೆ ಹೋದಾಗ ಕುಳ್ಳನೆಂದು ವಾಪಸು ಕಳಿಸಿದ್ದರು. ತಂದೆ ಒತ್ತಾಯಿಸಿದ್ದಕ್ಕೆ ಮರುದಿನ ಮತ್ತೆ ಹೋದ. 2007ರಲ್ಲಿ ಅವನಿಗೆ ಸಿಕ್ಕಿದ್ದು 15,000 ಡಾಲರ್. 'ಬೇಸ್‌ಬಾಲ್ ಅಮೆರಿಕಾ'ದ ನೂರರಲ್ಲಿ ಅವನ ಹೆಸರು ಒಮ್ಮೆಯೂ ಬರಲಿಲ್ಲ. 2017ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರ ಅವನೇ. ಮರುದಿನ ಹೋಗದೆ ಮನೆಯಲ್ಲೇ ಉಳಿದ ಹುಡುಗರನ್ನು ಯಾವ ಪಟ್ಟಿ ಎಣಿಸುತ್ತದೆ?

ದುಡ್ಡು ಸುರಿದವನಿಗೆ, ಹೆಸರು ಹಚ್ಚಿದವನಿಗೆ ತಂಡ ತಾಳ್ಮೆ ತೋರಿಸುತ್ತದೆ. ಎರಡು ವರ್ಷ ಸೋತರೆ ಮೂರನೆಯ ವರ್ಷ ಕೊಡುತ್ತದೆ. ಹೆಸರಿಲ್ಲದವನಿಗೆ ಎರಡು ತಿಂಗಳು. ಆಮೇಲೆ ಪಟ್ಟಿಯಲ್ಲಿದ್ದವರೇ ಹೆಚ್ಚು ಮೇಲೆ ಬಂದರೆಂದು ಲೆಕ್ಕ ತೋರಿಸುತ್ತಾರೆ. ನೀರು ಹಾಯಿಸಿದ ಗದ್ದೆಯಲ್ಲೇ ಭತ್ತ ಬೆಳೆಯಿತೆಂಬುದು ಜ್ಯೋತಿಷ್ಯವಲ್ಲ.

ಇಷ್ಟು ದಿನ ಇದು ಓದುಗರ ಹರಟೆ ಎಂದಾದರೂ ಬಿಡಬಹುದಿತ್ತು. 2022ರಿಂದ ಹಾಗೂ ಇಲ್ಲ. ಅದರ ಹಿನ್ನೆಲೆ ಹೀಗೆ. ಮೇಲಿನ ಲೀಗಿನಲ್ಲಿ ಆರು ವರ್ಷ ಸೇವೆ ಮುಗಿಸಿದ ಮೇಲೆಯೇ ಆಟಗಾರ ಸ್ವತಂತ್ರ, ಆಗ ಬೇಕಾದ ತಂಡಕ್ಕೆ ಹೋಗಬಹುದು. 172 ದಿನವಾದರೆ ಒಂದು ವರ್ಷದ ಸೇವೆ. 2015ರ ಪಟ್ಟಿಯ ಮೊದಲನೆಯವನಾದ ಕ್ರಿಸ್ ಬ್ರಯಂಟ್‌ನನ್ನು ಷಿಕಾಗೊ ಕಬ್ಸ್ ತಂಡ ಆರಂಭದ ದಿನಗಳಲ್ಲಿ ಕೆಳಗೇ ಇಟ್ಟುಕೊಂಡು ಆಮೇಲೆ ಕರೆಯಿತು. ವರ್ಷದ ಕೊನೆಗೆ ಅವನ ಸೇವೆ 171 ದಿನ! ಒಂದು ದಿನದ ಕೊರತೆಯಿಂದ ಒಂದು ವರ್ಷ ಹೆಚ್ಚು ದುಡಿಯಬೇಕಾಯಿತು. ದೂರು ಕೊಟ್ಟ, 2020ರಲ್ಲಿ ಸೋತ. ನಮ್ಮಲ್ಲಿ ದಿನಗೂಲಿಯವರನ್ನು ಕಾಯಂ ಮಾಡದಿರಲು ನಡುವೆ ಒಂದು ದಿನ ಬಿಡಿಸುವ ವಿದ್ಯೆ ಬಲ್ಲವರಿಗೆ ಇದು ಹೊಸದಲ್ಲ.

ಈ ರೋಗಕ್ಕೆ 2022ರ ಒಪ್ಪಂದದಲ್ಲಿ ಮದ್ದು ಕಂಡುಹಿಡಿದರು. ಭರವಸೆಯ ಹುಡುಗನನ್ನು ಮೊದಲಿನಿಂದಲೇ ಮೇಲೆ ಆಡಿಸಿ, ಅವನು ವರ್ಷದ ಹೊಸ ಆಟಗಾರನಂಥ ಪ್ರಶಸ್ತಿ ಗೆದ್ದರೆ ತಂಡಕ್ಕೆ ಡ್ರಾಫ್ಟಿನಲ್ಲಿ ಒಂದು ಹೆಚ್ಚುವರಿ ಆಯ್ಕೆ. ಹೂಲಿಯೊ ರೊಡ್ರಿಗೆಸ್‌ನಿಂದಾಗಿ ಸಿಯಾಟಲ್ ತಂಡಕ್ಕೆ 2023ರಲ್ಲಿ ಅದು ದಕ್ಕಿತು. ಒಳ್ಳೆಯದೇ. ಆದರೆ ಭರವಸೆಯ ಹುಡುಗ ಯಾರು? 'ಬೇಸ್‌ಬಾಲ್ ಅಮೆರಿಕಾ', ಇ.ಎಸ್.ಪಿ.ಎನ್. ಮತ್ತು ಲೀಗಿನದೇ ಆದ ಎಂ.ಎಲ್.ಬಿ. ಡಾಟ್ ಕಾಮ್, ಈ ಮೂರರ ಪಟ್ಟಿಗಳಲ್ಲಿ ಎರಡರಲ್ಲಾದರೂ ಹೆಸರಿರುವವನು! ಪತ್ರಕರ್ತರು ಬರೆದ ಪಟ್ಟಿ ಈಗ ಕಾನೂನಿನ ಅನುಬಂಧ. 100ನೆಯವನನ್ನು ಆಡಿಸಿದರೆ ಬಹುಮಾನ ಸಿಗಬಹುದು, ಹೊರಗುಳಿದ 101ನೆಯವನು ಎಷ್ಟು ಚೆನ್ನಾಗಿ ಆಡಿದರೂ ಸಿಗದು. ಆ ಎರಡು ಅಂಕಿಗಳ ನಡುವಿನ ಗೆರೆಯನ್ನು ಎಳೆದವರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಪಟ್ಟಿಯ ಹೊರಗಿನವರ ಬದುಕು ಹೇಗಿತ್ತೆಂದರೆ, 2020ರ ಹೊತ್ತಿಗೂ ಕೆಳ ದರ್ಜೆಯಲ್ಲಿ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್, ಅದೂ ಆಟದ ತಿಂಗಳುಗಳಲ್ಲಿ ಮಾತ್ರ. ಆಟಗಾರರು 2014ರಲ್ಲಿ ಹೂಡಿದ ದಾವೆ 2022ರಲ್ಲಿ 18.5 ಕೋಟಿ ಡಾಲರಿಗೆ ರಾಜಿಯಾಯಿತು. 2023ರ ಒಪ್ಪಂದದಿಂದ ಕೆಳ ದರ್ಜೆಯ ತಂಡದವನಿಗೆ ವರ್ಷಕ್ಕೆ 26,200, ಮೇಲಿನ ಮೆಟ್ಟಿಲಿನವನಿಗೆ 35,800 ಡಾಲರ್ ಎಂದಾಯಿತು. ಇದರ ನಡುವೆ 2021ರಲ್ಲಿ 160ರಷ್ಟಿದ್ದ ತಂಡಗಳನ್ನು 120ಕ್ಕೆ ಇಳಿಸಿದರು. ಇಲ್ಲಿಗೆ ಹತ್ತಿರದ ಬರ್ಲಿಂಗ್ಟನ್ ಎಂಬ ಹಳೆಯ ಗಿರಣಿ ಊರಿನ ತಂಡವೂ ಹೋಯಿತು. ಈಗ ಅಲ್ಲಿ ಬೇಸಿಗೆಯಲ್ಲಿ ಕಾಲೇಜು ಹುಡುಗರು ಆಡುತ್ತಾರೆ. ಭರವಸೆಯ ಕೆಲವರಿಗಾಗಿ ಇಷ್ಟೊಂದು ಜನರನ್ನು ಸಾಕುವುದೇಕೆ ಎಂಬ ಲೆಕ್ಕವೂ ಆ ಕಡಿತದ ಹಿಂದೆ ಇತ್ತು. ಹುಡುಗರನ್ನು ಅಂಕಿಯಾಗಿ ನೋಡಲು ಕಲಿತವರಿಗೆ ಊರನ್ನು ಅಂಕಿಯಾಗಿ ನೋಡುವುದು ಕಷ್ಟವಾಗಲಿಲ್ಲ.

ಇಷ್ಟು ಕೂಗಾಡುವ ಮುದುಕನಿಗೂ ಒಂದು ಹಿನ್ನೆಲೆ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ತಿಂಗಳಿರುವಾಗ ನಮ್ಮ ಶಾಲೆಯ ನೋಟೀಸು ಬೋರ್ಡಿಗೆ 'ರ್‍ಯಾಂಕ್ ನಿರೀಕ್ಷೆಯ ವಿದ್ಯಾರ್ಥಿಗಳು' ಎಂಬ ಪಟ್ಟಿ ಬೀಳುತ್ತಿತ್ತು. ಬರೆಯುತ್ತಿದ್ದವನು ನಾನು. ಗುಂಡಗಿನ ಅಕ್ಷರ ಎಂದು ಹೆಡ್‌ಮಾಸ್ಟರರು ನನಗೇ ಒಪ್ಪಿಸಿದ್ದರು. ಪಟ್ಟಿಯ ಎಂಟು ಜನಕ್ಕೆ ಬೆಳಿಗ್ಗೆ ವಿಶೇಷ ತರಗತಿ, ಹೆಡ್‌ಮಾಸ್ಟರರ ಮನೆಯಿಂದ ಕಾಫಿ. ಒಂದು ವರ್ಷ ಮೊದಲನೆಯವನಾಗಿ ಬರೆದ ಹುಡುಗ ಫಸ್ಟ್ ಕ್ಲಾಸಿನಲ್ಲೇ ಪಾಸಾದ, ರ್‍ಯಾಂಕ್ ಬರಲಿಲ್ಲ. ಆಮೇಲೆ ಅವನು ನಮ್ಮ ಮನೆಯ ಮುಂದಿನ ದಾರಿಯನ್ನೇ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಪೇಟೆಗೆ ಹೋಗುತ್ತಿದ್ದ. ಎರಡು ವರ್ಷ ಹಾಗೆ ಸುತ್ತಿದ. ನಾನು ಕರೆದು ಮಾತಾಡಿಸಬಹುದಿತ್ತು, ಮಾತಾಡಿಸಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ಏನಾದರು? ವರ್ಷಕ್ಕೆ ನಲವತ್ತು ಐವತ್ತು ಮಕ್ಕಳು. ಆ ಎಂಟು ಜನರ ಹೆಸರುಗಳು ನನಗೆ ಇವತ್ತಿಗೂ ಸಾಲಾಗಿ ಬಾಯಿಗೆ ಬರುತ್ತವೆ. ಉಳಿದವರ ಮುಖ ನೆನಪಿದೆ, ಹೆಸರಿಲ್ಲ.

ಈಗ ಮೊಮ್ಮಗನಿಗೆ ಹದಿನಾಲ್ಕು. ಎಡಗೈಯಲ್ಲಿ ಎಸೆಯುತ್ತಾನೆ, ಆಟದಲ್ಲಿದ್ದಾಗ ನಾಲಿಗೆ ಹೊರಗೆ ಚಾಚಿರುತ್ತಾನೆ. ಇಂಥ ಮಕ್ಕಳಿಗೂ ಶುಲ್ಕ ಕಟ್ಟಿಸಿಕೊಂಡು, ಶನಿವಾರ ಮೈದಾನದಲ್ಲಿ ಓಡಿಸಿ, ಎಸೆಸಿ, ರಾಜ್ಯಕ್ಕೆ ಎಷ್ಟನೆಯವನೆಂದು ಅಂಕಿ ಕೊಡುವ ಕಂಪನಿಗಳಿವೆ. ಅವನ ಜೊತೆಯ ಒಬ್ಬ ಹುಡುಗ 212ನೆಯವನಂತೆ. ಇಬ್ಬರೂ ಮೊನ್ನೆ ನಮ್ಮ ಹಿತ್ತಲಲ್ಲಿ ಆಡುತ್ತಿದ್ದಾಗ 'ಟೂ ಟ್ವೆಲ್ವ್' ಎಂದೇ ಅವನನ್ನು ಕೂಗುತ್ತಿದ್ದ. ಆ ಹುಡುಗನೂ ಓಗೊಡುತ್ತಿದ್ದ.

ಅವತ್ತು ರಾತ್ರಿ ಅಳಿಯಂದಿರ ಹತ್ತಿರ ಹೇಳಿದೆ: 'ನಿಮ್ಮ ಪತ್ರಿಕೆಯವರು ಹುಡುಗರ ಬಗ್ಗೆ ಬರೆಯಲಿ. ಒಬ್ಬೊಬ್ಬನಿಗೂ ಒಂದು ಪ್ಯಾರಾ ಬರೆಯಲಿ, ಚೆನ್ನಾಗಿಯೇ ಬರೆಯುತ್ತಾರೆ, ನಾನೂ ಓದುತ್ತೇನೆ. ಅಂಕಿ ತೆಗೆದು ಅಕಾರಾದಿಯಾಗಿ ಹಾಕಲಿ. ಬಹುಮಾನ ಕೊಡುವ ಲೀಗಿನವರು ಹೊಸಬರೆಲ್ಲರಿಗೂ ಅದನ್ನು ತೆರೆದಿಡಲಿ.'

'ಅಕಾರಾದಿಯಾಗಿ ಹಾಕಿದರೆ ಯಾರು ಕೊಳ್ಳುತ್ತಾರೆ ಮಾವ?' ಎಂದು ಅವರು ನಕ್ಕರು.

'ಕೊಳ್ಳದಿದ್ದರೆ ಬೇಡ' ಎಂದೆ.

ಶುಲ್ಕ ಕಟ್ಟಲು ಶುಕ್ರವಾರ ಕೊನೆಯ ದಿನವಂತೆ. ಅರ್ಜಿ ಮೇಜಿನ ಮೇಲೆ ಸಾರಿನ ಪಾತ್ರೆಯ ಪಕ್ಕದಲ್ಲಿದೆ. ಮಗಳು ಇನ್ನೂ ಸಹಿ ಹಾಕಿಲ್ಲ.