ಬಾಣಂತಿಯ ಗಾಯಕ್ಕೆ ಹೊಣೆ ಯಾರು?

‘ಹೆರಿಗೆ ಸುಸೂತ್ರವಾಯಿತು, ತಾಯಿ-ಮಗು ಕ್ಷೇಮ’ ಎಂದು ದವಾಖಾನೆಯ ಪುಸ್ತಕದಲ್ಲಿ ಬರೆದೊಡನೆ ಸರಕಾರದ ಲೆಕ್ಕ ಮುಗಿಯುತ್ತದೆ. ಎಷ್ಟೋ ಬಾಣಂತಿಯರ ಸಂಕಟ ಸುರುವಾಗುವುದೇ ಆಮೇಲೆ. ಆ ಸಂಕಟವನ್ನು ಬಾಯಿಬಿಟ್ಟು ಹೇಳಲು ನಮ್ಮ ಸಮಾಜಕ್ಕೆ ನಾಚಿಕೆ. ಈ ನಾಚಿಕೆಯ ಬೆಲೆ ತೆರುವವರು ಬಡ ಹೆಣ್ಣುಮಕ್ಕಳಾದ್ದರಿಂದ ನಾವು ಸ್ಪಷ್ಟವಾಗಿಯೇ ಬರೆಯುತ್ತೇವೆ.

ಕೂಸಿನ ತಲೆ ಹೊರಬರುವಾಗ ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗ ಹರಿಯುವುದುಂಟು. ಚೊಚ್ಚಲ ಹೆರಿಗೆಯಲ್ಲಿ ಇದು ಹೆಚ್ಚು. ಚರ್ಮವೋ ಅದರಡಿಯ ಸ್ನಾಯುವೋ ಹರಿದರೆ ಹೆರಿಗೆ ಕೋಣೆಯಲ್ಲಿಯೇ ಹೊಲಿಯಬಹುದು. ಮಲವನ್ನು ಹಿಡಿದಿಡುವ ಸ್ನಾಯುವೇ ಹರಿದರೆ ಅದು ಮೂರನೆಯ ದರ್ಜೆಯ ಗಾಯ. ಕರುಳಿನ ಒಳಪದರವೂ ಹರಿದರೆ ನಾಲ್ಕನೆಯದು. ಇವಕ್ಕೆ ಶಸ್ತ್ರಕ್ರಿಯೆಯ ಕೋಣೆ, ಒಳ್ಳೆಯ ಬೆಳಕು, ಅರಿವಳಿಕೆ, ನುರಿತ ವೈದ್ಯರು ಬೇಕು. ಬಳಿಕ ನಂಜಾಗದಂತೆ, ಮಲ ಗಟ್ಟಿಯಾಗದಂತೆ ಔಷಧ ಬೇಕು. ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ಮೂರು ತಿಂಗಳೊಳಗೆ ಮರುತಪಾಸಣೆ ಬೇಕು. ಇಷ್ಟಾದರೆ ಹೆಚ್ಚಿನವರು ವರ್ಷದೊಳಗೆ ನೆಟ್ಟಗಾಗುತ್ತಾರೆ. ಗುರುತಿಸದೆ ಮೇಲಿನ ಚರ್ಮವನ್ನಷ್ಟೇ ಹೊಲಿದು ಮನೆಗೆ ಕಳಿಸಿದರೆ, ಮಲ ತಡೆಯಲಾರದ ಸ್ಥಿತಿ ವರ್ಷಗಟ್ಟಲೆ ಕಾಡಬಹುದು. ಅಂಥವಳು ಮದುವೆ, ಜಾತ್ರೆ, ಕೂಲಿ ಎಲ್ಲದರಿಂದಲೂ ದೂರ ಸರಿಯುತ್ತಾಳೆ.

ಗುರುತಿಸಲು ದೊಡ್ಡ ಯಂತ್ರ ಬೇಡ. ಪ್ರತಿ ಹೆರಿಗೆಯ ನಂತರ ಆಕೆಯ ಒಪ್ಪಿಗೆ ಪಡೆದು, ಬೆಳಕಿನಲ್ಲಿ ನೋಡಿ, ಗುದದ್ವಾರದೊಳಗೆ ಬೆರಳಿಟ್ಟು ಪರೀಕ್ಷಿಸಬೇಕು. ಹೆರಿಗೆಯ ಕೊನೆಯ ಘಟ್ಟದಲ್ಲಿ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟರೆ ದೊಡ್ಡ ಗಾಯಗಳು ಕಡಿಮೆಯಾಗುತ್ತವೆ. ಇದು ಹಣದ ಪ್ರಶ್ನೆಗಿಂತ ತರಬೇತಿಯ ಹಾಗೂ ಕಾಳಜಿಯ ಪ್ರಶ್ನೆ.

1997ರಲ್ಲಿ ವಿಜಾಪುರದಿಂದ ಬೇರೆಯಾದ ನಮ್ಮ ಜಿಲ್ಲೆಗೆ ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜೂ ಇದೆ. ಬಾದಾಮಿ, ಹುನಗುಂದ ಕಡೆಯ ಹಳ್ಳಿಯಲ್ಲಿ ನಡುರಾತ್ರಿ ಹೆತ್ತವಳು ಅಲ್ಲಿಗೆ ಮುಟ್ಟುವುದು ಹೇಗೆ? ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಔಷಧ, ದೊಡ್ಡ ದವಾಖಾನೆಗೆ ಸಾಗಿಸುವ ವಾಹನ ಎಲ್ಲವೂ ಉಚಿತವೆಂದು 2011ರ ಜನನಿ ಶಿಶು ಸುರಕ್ಷಾ ಯೋಜನೆ ಮಾತು ಕೊಟ್ಟಿದೆ. ಆ ಮಾತು ಪ್ರತಿ ರಾತ್ರಿ ನಡೆಯಬೇಕು.

ವಿಶ್ರಾಂತಿಯಿಲ್ಲದೆ ಗಾಯ ಮಾಯದು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯನ್ನು ತಿದ್ದಿ 26 ವಾರಗಳ ಸಂಬಳದ ರಜೆ ಕೊಟ್ಟರು. ಇಳಕಲ್ಲದಲ್ಲಿ ಮನೆಯೊಳಗೇ ನೂಲು ಸುತ್ತುವವಳಿಗೆ, ಕುಣಿಮಗ್ಗದಲ್ಲಿ ಕೂಡುವವಳಿಗೆ, ಹೊಲದ ಕೂಲಿಯವಳಿಗೆ ಯಾವ ರಜೆ? ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತೇವೆ. ನೇಯುವವಳ ಮೈ ಹರಿದರೆ ಮಗ್ಗ ನಿಲ್ಲಬಾರದೆ?

ನಮ್ಮ ಬೇಡಿಕೆಗಳು ಮೂರು: ಪ್ರತಿ ಹೆರಿಗೆಯ ನಂತರ ಈ ಪರೀಕ್ಷೆ ನಡೆದು ಅದು ತಾಯಿ ಕಾರ್ಡಿನಲ್ಲಿ ದಾಖಲಾಗಲಿ. ತಾಲೂಕು ದವಾಖಾನೆಗಳ ವೈದ್ಯರಿಗೂ ದಾದಿಯರಿಗೂ ಈ ಹೊಲಿಗೆಯ ಹಾಗೂ ಆರೈಕೆಯ ತರಬೇತಿ ಸಿಗಲಿ. ಮನೆಗೆಲಸದ ನೇಕಾರ್ತಿಗೂ ಕೂಲಿಕಾರ್ತಿಗೂ ಬಾಣಂತನದ ಕೂಲಿ ಸಿಗಲಿ. ಕಾರ್ಯಕರ್ತರು ಆರೋಗ್ಯ ರಕ್ಷಾ ಸಮಿತಿಗಳ ಮುಂದಿನ ಸಭೆಯಲ್ಲಿ ಇದನ್ನು ಎತ್ತಬೇಕು. ಗಂಡಸರೂ ನಾಚಿಕೆ ಬಿಟ್ಟು ಎತ್ತಬೇಕು.