205 ಸಾಲಲ್ಲ ಅಂದ್ರೆ ಇನ್ನೆಷ್ಟು ಬೇಕ್ರಿ?

2018ರ ಏಪ್ರಿಲ್ 25ರ ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 205 ಹೊಡೀತು. ಡಿವಿಲಿಯರ್ಸ್ ಒಬ್ಬರೇ 30 ಬಾಲಿಗೆ 68. ಚೆನ್ನೈನವರು 74ಕ್ಕೆ 4 ವಿಕೆಟ್ ಕಳ್ಕೊಂಡು ಕೂತಿದ್ರು. ಅಲ್ಲಿಂದ ಸೋಲಬೇಕು ಅಂದ್ರೆ ಅದಕ್ಕೂ ಒಂದು ಪ್ರತಿಭೆ ಬೇಕು. ನಮ್ಮವರ ಹತ್ರ ಅದು ಧಾರಾಳವಾಗಿ ಐತಿ. ರಾಯುಡು 82 ಹೊಡೆದ್ರು, ಧೋನಿ 34 ಬಾಲಿಗೆ 70 ಹೊಡೆದು, ಎರಡು ಬಾಲ್ ಉಳಿಸಿ ಸಿಕ್ಸರ್‌ನಲ್ಲಿ ಮ್ಯಾಚ್ ಮುಗಿಸಿದ್ರು. ಹತ್ತು ದಿನ ಬಿಟ್ಟು ಪುಣೆಯಲ್ಲಿ ಬರೀ 127 ಹೊಡೆದು ಮತ್ತೆ ಸೋತ್ವಿ. ಅಲ್ಲಿಗೆ 9 ಮ್ಯಾಚು, 6 ಸೋಲು. ಅದಕ್ಕೆ ಮುಂಚೆ ಚೆನ್ನೈ ವಿರುದ್ಧ ಕೊನೇ ಸಲ ಗೆದ್ದಿದ್ದು 2014ರಲ್ಲಿ.

ಈ 205ಕ್ಕೂ ನಮಗೂ ಏನೋ ಋಣಾನುಬಂಧ. 2011ರ ಫೈನಲ್‌ನಲ್ಲಿ ಚೆನ್ನೈ 205 ಹೊಡೀತು, ನಾವು 58 ರನ್ನಿಂದ ಸೋತ್ವಿ. ಮರುವರ್ಷ ಏಪ್ರಿಲ್ 12ಕ್ಕೆ ಅದೇ ಚೆಪಾಕ್‌ನಲ್ಲಿ ನಾವು 205 ಹೊಡೆದ್ವಿ, ಆಗಲೂ ಸೋತಿದ್ದು ನಾವೇ. ಅವರಿಗೆ ಎರಡು ಓವರ್‌ನಲ್ಲಿ 43 ಬೇಕಿತ್ತು. 19ನೇ ಓವರಿಗೆ ಚೆಂಡು ಯಾರ ಕೈಯಲ್ಲಿತ್ತು ಗೊತ್ತಾ? ವಿರಾಟ್ ಕೊಹ್ಲಿ ಕೈಯಲ್ಲಿ! 28 ರನ್ ಹೋದ್ವು. 2018ರಲ್ಲಿ ಕೊನೇ ಓವರ್ ಕೋರಿ ಆ್ಯಂಡರ್ಸನ್‌ಗೆ. ಆರು ವರ್ಷ ಆದಮೇಲೂ ಕೊನೇ ಎರಡು ಓವರ್ ಹಾಕೋರು ಯಾರು ಅನ್ನೋ ಪ್ರಶ್ನೆ ಅಲ್ಲೇ ನಿಂತಿತ್ತು. ನಾವು ಕೋಡ್ ಬರೆಯೋ ಕಡೆ ಒಂದೇ ಬಗ್ ಮೂರು ರಿಲೀಸ್‌ನಲ್ಲಿ ಬಂದ್ರೆ ‘ಹಣೆಬರಹ’ ಅಂತ ಹೇಳಿ ಮನೆಗೆ ಹೋಗೋಕೆ ಯಾರೂ ಬಿಡಲ್ಲ.

ಇದು ಹಣೆಬರಹ ಅಲ್ಲ, ಹರಾಜು. ಕೊಹ್ಲಿಗೆ 17 ಕೋಟಿ, ಡಿವಿಲಿಯರ್ಸ್‌ಗೆ 11 ಕೋಟಿ ಕೊಟ್ಟು ಉಳಿಸಿಕೊಂಡ್ರು, ಅದು ಸರಿ. ಮೂರನೆಯವನಾಗಿ ಉಳಿಸಿಕೊಂಡಿದ್ದು ಸರ್ಫರಾಜ್ ಖಾನ್‌ನನ್ನ. ಅವನೂ ಬ್ಯಾಟ್ಸ್‌ಮನ್ನೇ! 2016ರಲ್ಲಿ ಇದೇ ಕೆಂಪು ಅಂಗಿ ಹಾಕ್ಕೊಂಡು 397 ರನ್ ಹೊಡೆದಿದ್ದ ಕೆ.ಎಲ್. ರಾಹುಲ್‌ನನ್ನ ಬಿಟ್ರು. ಪಂಜಾಬಿನವರು 11 ಕೋಟಿಗೆ ಎತ್ತಾಕ್ಕೊಂಡು ಹೋದ್ರು. ಮೊದಲನೇ ಮ್ಯಾಚಲ್ಲೇ 14 ಬಾಲಿಗೆ ಐವತ್ತು, ಆಗಿನ ಐಪಿಎಲ್ ದಾಖಲೆ. ಕರುಣ್ ನಾಯರ್, ಮಯಾಂಕ್ ಅಗರ್ವಾಲ್ ಕೂಡ ಆಗ ಅಲ್ಲೇ ಇದ್ರು. ಯಾರಿಗೂ ಬೇಡ ಅಂತ ಹರಾಜಿನಲ್ಲಿ ಎರಡು ಸಲ ಉಳಿದಿದ್ದ ಗೇಲ್ ಪಂಜಾಬಿಗೆ ಹೋಗಿ ಶತಕ ಹೊಡೆದ್ರು. 2016ರ ಫೈನಲ್‌ನಲ್ಲಿ ನಮ್ಮ ಪರ ಬೌಲ್ ಮಾಡಿ 61 ರನ್ ಕೊಟ್ಟ ವಾಟ್ಸನ್, 2018ರಲ್ಲಿ ಹಳದಿ ಅಂಗಿ ಹಾಕ್ಕೊಂಡು 106 ಹೊಡೆದ್ರು. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯೋದು ಅಂದ್ರೆ ಇದೇ.

ಏಪ್ರಿಲ್ 25ರ ಹನ್ನೊಂದು ಜನರಲ್ಲಿ ಒಬ್ಬ ಕನ್ನಡದ ಹುಡುಗನೂ ಇರಲಿಲ್ಲ. ಚೆನ್ನೈನ ವಾಷಿಂಗ್ಟನ್ ಸುಂದರ್ ಇದ್ದ, ಅದೂ ನಮ್ಮ ತಂಡದಲ್ಲಿ! ಚೆನ್ನೈ ತಂಡದಲ್ಲಿ ತಮಿಳರೆಲ್ಲಿದ್ರು ಅಂತ ನೀವು ಕೇಳಬಹುದು. ನಿಜ, ಅವರು ಅಶ್ವಿನ್‌ನನ್ನೇ ಬಿಟ್ಟುಕೊಟ್ಟರು. ಆದ್ರೆ ಅವರು ಗೆಲ್ತಿದ್ರಲ್ರೀ. ಇಲ್ಲಿ ಊರಿನ ಹುಡುಗರೂ ಇರಲಿಲ್ಲ, ಗೆಲುವೂ ಇರಲಿಲ್ಲ. ಉಳಿದಿದ್ದು ‘ಬೆಂಗಳೂರು’ ಅನ್ನೋ ಹೆಸರು. ಅದರ ಹಿಂದಿರೋ ‘ರಾಯಲ್ ಚಾಲೆಂಜರ್ಸ್’ ಬಂದಿದ್ದು ವಿಸ್ಕಿ ಬಾಟಲಿಯಿಂದ.

ಇನ್ನು ಕಾವೇರಿ. ಗಲಾಟೆ ಆಗಿ ಚೆನ್ನೈನ ಮ್ಯಾಚುಗಳೆಲ್ಲ ಪುಣೆಗೆ ಹೋದ್ವು. ಅದಕ್ಕೆ ಇದು ಕನ್ನಡಿಗರ ಸ್ವಾಭಿಮಾನದ ಪಂದ್ಯ ಅಂತ ಒಂದಿಷ್ಟು ಜನ ಎದೆ ತಟ್ಟಿಕೊಂಡ್ರು. ನಮ್ಮ ವಡ್ಡು ಇರೋದು ತುಂಗಭದ್ರೆ ಸೀಮೆಯಲ್ಲಿ, ನಮ್ಮ ನೀರಿನ ಜಗಳ ಆಂಧ್ರ, ತೆಲಂಗಾಣದ ಜತೆ. ಊರಿನ ಅರ್ಧ ಹುಡುಗರು ಧೋನಿಗೋಸ್ಕರ ಹಳದಿ ಅಂಗಿ ಹಾಕ್ತಾರೆ, ಯಾರೂ ಅವರನ್ನ ದ್ರೋಹಿ ಅನ್ನಲ್ಲ. ತಮಾಷೆ ಅಂದ್ರೆ, ಊರ ಪಕ್ಕ ಚಿಮಣಿ ಎಬ್ಬಿಸಿರೋ ಜಿಂದಾಲ್‌ನವರು 2018ರ ಮಾರ್ಚಿನಲ್ಲಿ ಡೆಲ್ಲಿ ತಂಡದ ಅರ್ಧ ಪಾಲು ಕೊಂಡ್ರು. ಕೆಲಸ ಅಲ್ಲೇ, ಸಂಬಳ ಅಲ್ಲೇ, ಧೂಳೂ ಅವರದ್ದೇ. ಆದರೂ ಡೆಲ್ಲಿಗೆ ಜೈ ಅಂದ ಒಬ್ಬನೂ ನನಗೆ ಸಿಕ್ಕಿಲ್ಲ. ಹುಡುಗರು ತೋರಣಗಲ್ಲಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯೆಲ್ಲ ನಿಂತು ಬೆಂಗಳೂರಿಗೆ ಹೋಗಿ ಆರ್‌ಸಿಬಿ ಸೋಲೋದನ್ನೇ ನೋಡಿ ಬರ್ತಿದ್ರು.

ಸೋಲಿನ ಬಗ್ಗೆ ನನ್ನ ತಕರಾರಿಲ್ಲ. ಅದೇ ಜಿಂದಾಲ್‌ನವರ ಬೆಂಗಳೂರು ಎಫ್‌ಸಿ 2018ರ ಮಾರ್ಚ್ 17ಕ್ಕೆ ಕಂಠೀರವದಲ್ಲಿ ಚೆನ್ನೈನವರ ಎದುರೇ 3-2ರಿಂದ ಐಎಸ್‌ಎಲ್ ಫೈನಲ್ ಸೋತ್ರು. ಯಾರಾದ್ರೂ ಬೈದ್ರಾ? ಲೀಗಿನಲ್ಲಿ ಮೊದಲ ಸ್ಥಾನದಲ್ಲಿದ್ದೇ ಫೈನಲ್‌ಗೆ ಬಂದಿದ್ರು. ಹುಟ್ಟಿದ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ ಅದು. ಕೆಲಸ ಮಾಡಿ ಸೋತೋರಿಗೂ ಮಾಡದೇ ಸೋತೋರಿಗೂ ವ್ಯತ್ಯಾಸ ನಮಗೂ ಗೊತ್ತಾಗುತ್ತೆ.

ಆದರೆ ನಾವು ಏನು ಮಾಡ್ತಿದ್ವಿ? ‘ಈ ಸಲ ಕಪ್ ನಮ್ದೆ’ ಅಂತ ಕೂಗ್ತಿದ್ವಿ. 49ಕ್ಕೆ ಆಲೌಟ್ ಆದ್ರೂ ಸ್ಟೇಡಿಯಂ ತುಂಬಿಸ್ತಿದ್ವಿ, ಅಂಗಿ ಕೊಳ್ತಿದ್ವಿ. ಸೋತರೂ ಗಲ್ಲಾಪೆಟ್ಟಿಗೆ ತುಂಬೋ ಅಂಗಡಿಯವನು ಸರಕು ಯಾಕೆ ಬದಲಾಯಿಸ್ತಾನೆ? ಓಟು ಹಾಕೋಕೆ ನಾನೂ ಊರಿಗೆ ಹೋಗ್ತೀನಿ. ಅಲ್ಲಿ ಎಂಎಲ್‌ಎ ಕ್ಯಾಂಡಿಡೇಟ್ ಬಂದ್ರೆ ‘ಐದು ವರ್ಷ ಏನು ಕಡಿದಿ ಹೇಳಪ್ಪ’ ಅಂತ ಮುಖಕ್ಕೇ ಕೇಳೋ ಜನ, ಹನ್ನೊಂದು ವರ್ಷ ಇವರಿಗೆ ಮಾತ್ರ ಸುಮ್ಮನೆ ಹಾರ ಹಾಕಿದ್ರು.

ಪುಣೆ ಆದಮೇಲೆ ಹೈದರಾಬಾದಿನಲ್ಲಿ ಆಟ ಇತ್ತು. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, 2009ರಲ್ಲಿ ಅದನ್ನ ಹೊಡೆದಿದ್ದು ಆರ್‌ಸಿಬಿ ಅಂಗಿಯಲ್ಲಿ. 2018ರಲ್ಲಿ 11 ಕೋಟಿಗೆ ಹೈದರಾಬಾದಿನವರ ಪಾಲಾದ. ಅವನು ಬ್ಯಾಟ್ ಬೀಸಿದ್ರೆ ನಾನಂತೂ ಚಪ್ಪಾಳೆ ಹೊಡೀತೀನಿ. ಬೈಯೋರು ಬೈಕೊಳ್ಳಿ.