ಸ್ಪರ್ಶಕ ಯಾರಿಗೆ ಭಾರ?

ಮಕ್ಕಳ ಹೊರೆ ಇಳಿಸಬೇಕೆಂದರೆ ಯಾವ ತಾಯಿಯೂ ಎದುರು ಮಾತಾಡುವುದಿಲ್ಲ. ಪುಸ್ತಕದ ಚೀಲ ಹೊತ್ತು ಕೂಸಿನ ಹೆಗಲು ಕೆಂಪಾದದ್ದನ್ನು ನೋಡಿದವರು ನಾವೇ ತಾನೆ? ಆದರೆ ಇಳಿಸುತ್ತಿರುವುದು ಏನನ್ನು ಎಂದು ಒಮ್ಮೆಯಾದರೂ ನೋಡಬೇಡವೆ? ಕೊರೋನಾ ಕಾಲದ ನಂತರ, 2022ರಲ್ಲಿ, ಎನ್‌ಸಿಇಆರ್‌ಟಿಯವರು ಪಠ್ಯಪುಸ್ತಕಗಳಿಗೆ ಕತ್ತರಿ ಹಾಕಿದರು. ಚರಿತ್ರೆಯ ಪುಟಗಳು ಹೋದಾಗ ದೊಡ್ಡ ಗದ್ದಲವೇ ಆಯಿತು. ಹನ್ನೆರಡನೆಯ ತರಗತಿಯ ಗಣಿತದಿಂದ ಸ್ಪರ್ಶಕಗಳ ಭಾಗ ಹೋದದ್ದು ಮಾತ್ರ ನಮ್ಮ ಮನೆಗಳವರೆಗೆ ಸುದ್ದಿಯಾಗಿ ಬರಲೇ ಇಲ್ಲ. ನಮ್ಮ ಪಿಯುಸಿ ಗಣಿತಕ್ಕೂ ಆ ಪುಸ್ತಕವೇ ಆಧಾರ.

‘ಗಣಿತ ತಾನೆ, ಹೋದರೆ ಹೋಗಲಿ’ ಎನ್ನುವ ಅಕ್ಕತಂಗಿಯರು ಸ್ವಲ್ಪ ಕೇಳಬೇಕು.

ಹತ್ತನೆಯ ತರಗತಿಯಲ್ಲಿ ನಾವು ಕಲಿಸುವ ಸ್ಪರ್ಶಕವೆಂದರೆ, ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸರಳರೇಖೆ. ಬಳೆಗೆ ಸ್ಕೇಲು ತಾಗಿಸಿ ತೋರಿಸಿದರೆ ಹುಡುಗಿಯರಿಗೆ ಥಟ್ಟನೆ ತಿಳಿಯುತ್ತದೆ. ವೃತ್ತದ ಮಟ್ಟಿಗೆ ಆ ಮಾತು ಸಾಕು, ಬೇರೆ ವಕ್ರರೇಖೆಗಳಿಗೆ ಸಾಲದು. ಎಕ್ಸ್‌ನ ಘನದ ನಕ್ಷೆ ಬರೆದು, ಎಕ್ಸ್ 1 ಆಗಿರುವಲ್ಲಿ ಸ್ಪರ್ಶಕ ಎಳೆದು ಹಿಂದಕ್ಕೆ ಮುಂದುವರಿಸಿ. ಎಕ್ಸ್ ಮೈನಸ್ 2 ಆಗಿರುವಲ್ಲಿ ಅದು ಅದೇ ನಕ್ಷೆಯನ್ನು ಮತ್ತೆ ಕತ್ತರಿಸುತ್ತದೆ! ಹಾಗಾದರೆ ಸ್ಪರ್ಶಕವೆಂದರೇನು? ಆ ಬಿಂದುವಿನಲ್ಲಿ ವಕ್ರರೇಖೆ ಹೊರಟಿರುವ ದಿಕ್ಕು. ರಾತ್ರಿ ಘಾಟಿಯ ತಿರುವಿನಲ್ಲಿ ರಸ್ತೆ ಬಾಗಿದರೂ ಬಸ್ಸಿನ ದೀಪದ ಬೆಳಕು ನೆಟ್ಟಗೆ ಕಣಿವೆಯ ಮೇಲೆ ಹೋಗುತ್ತದಲ್ಲ, ಹಾಗೆ.

ಆ ದಿಕ್ಕಿನ ಇಳಿಜಾರನ್ನು, ಅಂದರೆ ಅಡ್ಡಕ್ಕೆ ಒಂದು ಹೆಜ್ಜೆ ಇಟ್ಟರೆ ಮೇಲಕ್ಕೆ ಎಷ್ಟು ಏರುತ್ತೇವೆಂಬುದನ್ನು ಹೇಳುವ ಸಂಖ್ಯೆಯೇ ಡಿರೈವೇಟಿವ್. ಕ್ಯಾಲೆಂಡರಿನ ಹಿಂಬದಿಯಲ್ಲೇ ಮಾಡಿ ನೋಡಬಹುದು. ಅಡ್ಡಕ್ಕೆ ಒಂದು ಸಂಖ್ಯೆ, ಮೇಲಕ್ಕೆ ಅದರ ವರ್ಗ. 1ರಿಂದ 2ಕ್ಕೆ ಹೋದರೆ ಎತ್ತರ 1ರಿಂದ 4 ಆಗುತ್ತದೆ, ಇಳಿಜಾರು 3. 1.1ಕ್ಕೆ ಹೋದರೆ ಎತ್ತರ 1.21, ಇಳಿಜಾರು 2.1. 1.01ಕ್ಕೆ ಹೋದರೆ 2.01. ಹೆಜ್ಜೆ ಕಿರಿದಾದಷ್ಟೂ ಉತ್ತರ 2ರ ಹತ್ತಿರ ಹತ್ತಿರ ಬರುತ್ತದೆ. ಆ 2 ಎಂಬುದೇ 1ರಲ್ಲಿ ಸ್ಪರ್ಶಕದ ಇಳಿಜಾರು. ಇದರಲ್ಲಿ ಹೆದರುವುದಕ್ಕೆ ಏನಿದೆ, ನೀವೇ ಹೇಳಿ.

ಹನ್ನೊಂದನೆಯ ತರಗತಿಯಲ್ಲಿ ಈ ವಿಚಾರ ಬಂದು ಹೋಗುತ್ತದೆ, ನಿಜ. ಹನ್ನೆರಡರಲ್ಲಿ ಬದಲಾವಣೆಯ ದರ, ಗರಿಷ್ಠ, ಕನಿಷ್ಠ ಇವೆಲ್ಲ ಉಳಿದಿವೆಯಲ್ಲ ಎಂದೂ ಕೇಳುತ್ತಾರೆ. ಉಳಿದಿವೆ. ಆದರೆ ಗರಿಷ್ಠ ಬೆಲೆ ಕಂಡುಹಿಡಿಯಲು ಡಿರೈವೇಟಿವನ್ನು ಸೊನ್ನೆ ಎಂದು ಬರೆಯುವುದೇಕೆ? ಗುಡ್ಡದ ನೆತ್ತಿಯಲ್ಲಿ ಸ್ಪರ್ಶಕ ಮಟ್ಟಸವಾಗಿ ಮಲಗುತ್ತದೆ, ಅದಕ್ಕೆ ಇಳಿಜಾರಿಲ್ಲ. ಸ್ಪರ್ಶಕವನ್ನು ಕೈಯಾರೆ ಎಳೆದು, ಹತ್ತು ಲೆಕ್ಕ ಮಾಡಿ ಪಳಗದ ಹುಡುಗಿಗೆ ಆ ಸೊನ್ನೆ ಒಂದು ಮಂತ್ರ. ಘಾತವನ್ನು ಮುಂದೆ ತಾ, ಒಂದು ಕಳೆ, ಸೊನ್ನೆಗೆ ಸಮ ಮಾಡು ಎಂದು ಉರು ಹೊಡೆಯುತ್ತಾಳೆ. ಅಂಕವೂ ಬರುತ್ತದೆ. ಹೊರೆ ಎಂದರೆ ಅರ್ಥವಾಗದೆ ಹೊರುವುದು. ಇವರು ಅರ್ಥವನ್ನು ಇಳಿಸಿ ಹೊರೆಯನ್ನು ಹೆಗಲ ಮೇಲೆಯೇ ಬಿಟ್ಟಿದ್ದಾರೆ. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಖಾರವಾದದ್ದು. ಐಐಟಿ ಸೇರುವವರು ಬರೆಯುವ ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯ ಪಠ್ಯದಲ್ಲಿ ಸ್ಪರ್ಶಕ ಹಾಗೆಯೇ ಇದೆ. ದುಡ್ಡು ಸುರಿದು ಕೋಚಿಂಗಿಗೆ ಹೋಗುವ ಮಕ್ಕಳು ಅದನ್ನು ಕಲಿಯುತ್ತಾರೆ. ನಮ್ಮ ಊರುಗಳಲ್ಲಿ ಕೋಚಿಂಗಿನ ಮಾತು ಬಂದಾಗ ‘ಅಷ್ಟು ದುಡ್ಡು ತಮ್ಮನಿಗಿರಲಿ, ನಿನಗೆ ಕಾಲೇಜಿನ ಪಾಠವೇ ಸಾಕು’ ಎಂಬ ಮಾತು ಯಾರ ಪಾಲಿಗೆ ಬರುತ್ತದೆಂದು ನಿಮಗೂ ಗೊತ್ತು. ಕಾಲೇಜಿನ ಪುಸ್ತಕವೊಂದನ್ನೇ ನಂಬಿದವಳ ಪುಸ್ತಕದಿಂದಲೇ ಆ ಹಾಳೆ ಹರಿದರೆ, ಇಳಿದದ್ದು ಯಾರ ಹೊರೆ?

ಹೆಣ್ಣುಮಕ್ಕಳಿಗೆ ಕ್ಯಾಲ್ಕುಲಸ್ ಒಗ್ಗದು ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ. ಮರಿಯಾ ಗಯೆಟಾನಾ ಅನ್ಯೇಸಿ. ಮಿಲಾನ್ ನಗರದ ಈ ಹೆಣ್ಣುಮಗಳು ತನ್ನ ಮೂವತ್ತರ ಪ್ರಾಯದಲ್ಲಿ, 1748ರಲ್ಲಿ, ಎರಡು ಸಂಪುಟಗಳ ಪಠ್ಯ ಪ್ರಕಟಿಸಿದಳು. ಅದರಲ್ಲಿ ಕ್ಯಾಲ್ಕುಲಸ್ಸೂ ಇದೆ, ಸ್ಪರ್ಶಕ ಎಳೆಯುವ ವಿಧಾನವೂ ಇದೆ. ಬರೆದದ್ದು ವಿದ್ವಾಂಸರ ಲ್ಯಾಟಿನ್ನಿನಲ್ಲಲ್ಲ, ಎಳೆಯರು ಓದಲೆಂದು ತಾಯ್ನುಡಿ ಇಟಾಲಿಯನ್ನಿನಲ್ಲಿ. ಕಷ್ಟವಾದದ್ದನ್ನು ಕತ್ತರಿಸಿ ಎಸೆಯಲಿಲ್ಲ, ತಿಳಿಯುವಂತೆ ಬಿಡಿಸಿ ಹೇಳಿದಳು. ಮೇಷ್ಟ್ರ ಕೆಲಸವೆಂದರೆ ಅದು.

ಆ ಭಾಗವನ್ನು ಪಠ್ಯಕ್ಕೆ ಮರಳಿ ಸೇರಿಸಬೇಕು. ಸೇರಿಸುವವರೆಗೆ 2022ಕ್ಕಿಂತ ಹಿಂದಿನ ಪುಸ್ತಕ ಅಕ್ಕಪಕ್ಕದ ಮನೆಯ ಅಟ್ಟದಲ್ಲಿದ್ದರೆ ಇಳಿಸಿ ಮಗಳ ಕೈಗೆ ಕೊಡಿ. ಕಾಲೇಜಿನ ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ನಿಂತು, ‘ಸ್ಪರ್ಶಕ ಕಲಿಸಿದಿರಾ ಸಾರ್?’ ಎಂದು ಕೇಳಿ. ನಿಮಗೆ ಗಣಿತ ಬಾರದಿದ್ದರೂ ಪರವಾಗಿಲ್ಲ. ಕೇಳುವವರು ಇದ್ದಾರೆಂದು ಅವರಿಗೆ ಗೊತ್ತಾಗಲಿ.